ರೋಬೋಟ್ ಬಂದರೆ ಬೆಂಗಳೂರಿನ ಬಸ್ ಹತ್ತುವುದು ತಪ್ಪುತ್ತಾ?

2025 ರ ಜನವರಿಯಲ್ಲಿ ಒಂದು ಸುದ್ದಿ ಬಂತು. ಗುರುಗ್ರಾಮದಲ್ಲಿ ಕೂತ ವೈದ್ಯರು ಜೈಪುರದ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗೆ ರೋಬೋಟ್ ಮೂಲಕ ಹೃದಯದ ಆಪರೇಷನ್ ಮಾಡಿದರು. ನಡುವಿನ ದೂರ 286 ಕಿ.ಮೀ. ಅದೇ ವರ್ಷ ಜುಲೈನಲ್ಲಿ ಇನ್ನೊಂದು ಸುದ್ದಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಬೋಟ್ ಮನುಷ್ಯರ ಕೈ ಸೋಕದೆ ಪಿತ್ತಕೋಶದ ಆಪರೇಷನ್ ಮಾಡಿ ಮುಗಿಸಿತು ಅಂತ. ಇವುಗಳ ಮಧ್ಯೆ ‘ರೋಬೋಟಿಕ್ ಮಂಡಿ ಚಿಪ್ಪು ಬದಲಾವಣೆ’ ಎಂಬ ಜಾಹೀರಾತುಗಳೂ ಕಣ್ಣಿಗೆ ಬೀಳುತ್ತಲೇ ಇವೆ.

ಮೂರೂ ಒಟ್ಟಿಗೆ ತಲೆಗೆ ಹೋದರೆ ಗೊಂದಲ ಆಗುವುದು ಸಹಜ. ಆಪರೇಷನ್ ಮಾಡುವುದು ಡಾಕ್ಟರಾ, ಮಿಷನ್ನಾ? ಡಾಕ್ಟರೇ ಆದರೆ ರೋಬೋಟ್ ಯಾಕೆ? ಮಿಷನ್ ಆದರೆ ನಂಬುವುದು ಹೇಗೆ? ಮಲೆನಾಡಿನವರಿಗೆ ಇದರ ಜೊತೆ ಇನ್ನೊಂದು ಪ್ರಶ್ನೆಯೂ ಇದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಹೆಚ್ಚುಕಡಿಮೆ ಗುರುಗ್ರಾಮ–ಜೈಪುರದಷ್ಟೇ ದೂರ. ಅಲ್ಲಿ ಆಗಿದ್ದು ಇಲ್ಲೂ ಆದರೆ ಸಾಗರದ, ಹೊಸನಗರದ ರೋಗಿಗಳು ರಾತ್ರಿ ಬಸ್ಸಿನಲ್ಲಿ ಫೈಲು ಹಿಡಿದು ಕೂರುವುದು ತಪ್ಪುತ್ತದಲ್ವಾ?

ಈ ಆಸೆ ತಪ್ಪಲ್ಲ. ಆದರೆ ಉತ್ತರ ಸಿಗಬೇಕಾದರೆ ಒಂದೊಂದೇ ಎಳೆ ಬಿಡಿಸಿಕೊಂಡು ಹೋಗಬೇಕು.

ಒಂದೇ ಹೆಸರು, ಮೂರು ಬೇರೆ ಯಂತ್ರ

ಗೊಂದಲಕ್ಕೆ ದೊಡ್ಡ ಕಾರಣ ಹೆಸರು. ಮೂರು ಬೇರೆ ಬೇರೆ ಬಗೆಯ ಯಂತ್ರಗಳನ್ನು ನಾವು ‘ರೋಬೋಟ್’ ಎಂಬ ಒಂದೇ ಪದದಿಂದ ಕರೆಯುತ್ತಿದ್ದೇವೆ.

ಮೊದಲನೆಯದು ವೈದ್ಯರು ಆಡಿಸಿದಂತೆ ಆಡುವ ಯಂತ್ರ. ಹೊಟ್ಟೆ, ಮೂತ್ರಪಿಂಡ, ಪ್ರಾಸ್ಟೇಟ್, ಗರ್ಭಕೋಶ, ಎದೆಯ ಆಪರೇಷನ್‌ಗಳಿಗೆ ಬಳಸುವುದು ಇದನ್ನು. ಇದರಲ್ಲಿ ಹಳೆಯ ಹೆಸರು ಅಮೆರಿಕದ ‘ಡಾ ವಿಂಚಿ’. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2000 ದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಬ್ರಿಟನ್ನಿನ ‘ವರ್ಸಿಯಸ್’, ಮೆಡ್‌ಟ್ರಾನಿಕ್ ಕಂಪನಿಯ ‘ಹ್ಯೂಗೋ’, ನಮ್ಮದೇ ದೇಶದ ‘ಎಸ್‌ಎಸ್‌ಐ ಮಂತ್ರ’ ಕೂಡ ಇವೆ. ಜೈಪುರದ ಆಪರೇಷನ್ ಆಗಿದ್ದು ಈ ಕೊನೆಯ ಯಂತ್ರದಲ್ಲಿ. ಹೆಸರು ರೋಬೋಟ್ ಆದರೂ ಇದು ಸ್ವಂತ ತೀರ್ಮಾನದಿಂದ ಕೂದಲೆಳೆಯಷ್ಟೂ ಸರಿಯುವುದಿಲ್ಲ. ವೈದ್ಯರು ಕೈ ತೆಗೆದರೆ ನಿಂತಲ್ಲೇ ನಿಲ್ಲುತ್ತದೆ.

ಎರಡನೆಯದು ಮೂಳೆ ಕೆಲಸದ ಯಂತ್ರ. ಮಂಡಿ, ಸೊಂಟದ ಕೀಲು ಬದಲಿಸುವಾಗ ಮೂಳೆಯನ್ನು ಎಲ್ಲಿ, ಎಷ್ಟು, ಯಾವ ಕೋನದಲ್ಲಿ ಕೊಯ್ಯಬೇಕು ಎಂದು ಕಂಪ್ಯೂಟರ್‌ನಲ್ಲಿ ಮೊದಲೇ ಗುರುತು ಹಾಕಿಕೊಳ್ಳುತ್ತಾರೆ. ಕೊಯ್ಯುವುದು ವೈದ್ಯರೇ. ಯಂತ್ರ ಗೆರೆ ದಾಟದಂತೆ ತಡೆಯುತ್ತದೆ. ಊರಲ್ಲಿ ಕಾಣುವ ಜಾಹೀರಾತು ಹೆಚ್ಚಾಗಿ ಇದರದ್ದು.

ಮೂರನೆಯದು ನಿಜವಾಗಿಯೂ ತಾನೇ ಕೆಲಸ ಮಾಡುವ ಯಂತ್ರ. ಜಾನ್ಸ್ ಹಾಪ್ಕಿನ್ಸ್ ಸುದ್ದಿ ಇದರದ್ದು. ಆದರೆ ಅಲ್ಲಿ ಆಪರೇಷನ್ ನಡೆದದ್ದು ಮನುಷ್ಯರ ಮೇಲಲ್ಲ. ಹಂದಿಯ ದೇಹದಿಂದ ಹೊರತೆಗೆದ ಪಿತ್ತಕೋಶ ಮತ್ತು ಯಕೃತ್ತಿನ ಮೇಲೆ. ಆಪರೇಷನ್ನಿನ 17 ಹಂತಗಳನ್ನು ಯಂತ್ರ ಎಂಟಕ್ಕೆ ಎಂಟು ಸಲವೂ ಸರಿಯಾಗಿ ಮಾಡಿತು. ಅದು ದೊಡ್ಡ ಸಾಧನೆಯೇ. ಆದರೆ ಹೊರತೆಗೆದ ಅಂಗದಲ್ಲಿ ರಕ್ತ ಚಿಮ್ಮುವುದಿಲ್ಲ, ಉಸಿರಾಟಕ್ಕೆ ಹೊಟ್ಟೆ ಏರಿಳಿಯುವುದಿಲ್ಲ. ಹಾಗಾಗಿ ‘ಇನ್ನು ಡಾಕ್ಟರ್ ಬೇಡ’ ಎಂದು ಯಾರಾದರೂ ಹೇಳಿದರೆ ಅದನ್ನು ಪಕ್ಕಕ್ಕಿಡಬಹುದು. ಇವತ್ತು ಆಸ್ಪತ್ರೆಗೆ ಹೋಗುವ ರೋಗಿಗೆ ಸಂಬಂಧಪಟ್ಟಿದ್ದು ಮೊದಲ ಎರಡು ಬಗೆ ಮಾತ್ರ.

ಆ ಕೋಣೆಯೊಳಗೆ ಏನು ನಡೆಯುತ್ತದೆ

ಮೊದಲ ಬಗೆಯ ಆಪರೇಷನ್ ನಡೆಯುವ ಕೋಣೆಯನ್ನು ಹೀಗೆ ಕಲ್ಪಿಸಿಕೊಳ್ಳಿ. ಟೇಬಲ್ ಮೇಲೆ ರೋಗಿ. ಮೇಲೆ ಹಸಿರು ಬಟ್ಟೆ. ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ತೂತು. ಒಂದೊಂದು ತೂತಿನಲ್ಲೂ ಸುಮಾರು 8 ಮಿ.ಮೀ. ದಪ್ಪದ ಉದ್ದನೆಯ ಕೊಳವೆ. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಚಿಮುಟ, ಕತ್ತರಿ, ಸೂಜಿ ಹಿಡಿಯುವ ಇಕ್ಕಳ. ಅವುಗಳನ್ನು ಹಿಡಿದುಕೊಂಡು ನಿಂತಿರುವುದು ಯಂತ್ರದ ತೋಳುಗಳು. ರೋಗಿಯ ತಲೆಯ ಬಳಿ ಅರಿವಳಿಕೆ ತಜ್ಞರು. ಪಕ್ಕದಲ್ಲಿ ಒಬ್ಬ ಸಹಾಯಕ ವೈದ್ಯರು, ನರ್ಸ್.

ಮುಖ್ಯ ವೈದ್ಯರು ಟೇಬಲ್ ಹತ್ತಿರ ಇರುವುದೇ ಇಲ್ಲ. ಅದೇ ಕೋಣೆಯ ಮೂಲೆಯಲ್ಲಿ ಕೂತಿರುತ್ತಾರೆ. ಡಾ ವಿಂಚಿಯಂಥ ಯಂತ್ರದಲ್ಲಿ ಅವರು ಮುಖವನ್ನು ಪೆಟ್ಟಿಗೆಯಂಥ ಕಿಂಡಿಗೆ ಒತ್ತಿಕೊಂಡು, ಕೈಬೆರಳುಗಳನ್ನು ಎರಡು ಹಿಡಿಕೆಗಳಿಗೆ ಸಿಕ್ಕಿಸಿ, ಕಾಲಲ್ಲಿ ಪೆಡಲ್ ಒತ್ತುತ್ತಾರೆ. ಕಣ್ಣಿಗೆ ಹೊಟ್ಟೆಯ ಒಳಗು ಹತ್ತು ಪಟ್ಟು ದೊಡ್ಡದಾಗಿ, ಆಳ ಗೊತ್ತಾಗುವಂತೆ ಕಾಣುತ್ತದೆ.

ಇದರಿಂದ ಏನು ಲಾಭ? ಅಡಿಕೆ ತೋಟದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಉದ್ದನೆಯ ದೋಟಿಯಲ್ಲಿ ಅಡಿಕೆ ಗೊನೆ ಇಳಿಸುವಾಗ ಕೆಳಗೆ ಕೈ ಚೂರು ಅಲುಗಿದರೂ ಮೇಲೆ ತುದಿ ಎಷ್ಟೋ ತೂಗಾಡುತ್ತದೆ. ಮಾಮೂಲಿ ಲ್ಯಾಪ್ರೋಸ್ಕೋಪಿಯ, ಅಂದರೆ ಸಣ್ಣ ತೂತುಗಳಲ್ಲಿ ಕಡ್ಡಿ ತೂರಿಸಿ ಕೈಯಿಂದಲೇ ಮಾಡುವ ಆಪರೇಷನ್ನಿನ ಕಷ್ಟವೂ ಅಂಥದ್ದೇ. ಉದ್ದ ಕಡ್ಡಿ ಹೊಟ್ಟೆಯ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಕೈ ಎಡಕ್ಕೆ ಹೋದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ. ತುದಿಗೆ ಮಣಿಕಟ್ಟಿಲ್ಲ, ಹಾಗಾಗಿ ಒಳಗೆ ಹೊಲಿಗೆ ಹಾಕುವುದು ಬಹಳ ಕಷ್ಟದ ಕೆಲಸ. ರೋಬೋಟಿನ ಕಡ್ಡಿಯ ತುದಿಗೆ ಮಣಿಕಟ್ಟು ಇದೆ. ಮನುಷ್ಯರ ಮಣಿಕಟ್ಟು ತಿರುಗದ ಕಡೆಗೂ ಅದು ತಿರುಗುತ್ತದೆ. ಕೈ ನಡುಕವನ್ನು ಯಂತ್ರ ಸೋಸಿ ಬಿಡುತ್ತದೆ. ಬೇಕೆಂದರೆ ವೈದ್ಯರ ಕೈ ಮೂರು ಸೆಂ.ಮೀ. ಸರಿದಾಗ ಒಳಗಿನ ಕತ್ತರಿ ಒಂದೇ ಸೆಂ.ಮೀ. ಸರಿಯುವಂತೆ ಮಾಡಬಹುದು.

ಕಳೆದುಕೊಳ್ಳುವುದೂ ಒಂದಿದೆ. ಅದು ಮುಟ್ಟಿದ ಅನುಭವ. ದಾರ ಎಷ್ಟು ಬಿಗಿಯಾಯಿತು, ಗಡ್ಡೆ ಎಷ್ಟು ಗಟ್ಟಿ ಎಂಬುದು ಬೆರಳಿಗೆ ಗೊತ್ತಾಗುವುದಿಲ್ಲ. ಬಹುಪಾಲು ಯಂತ್ರಗಳಲ್ಲಿ ವೈದ್ಯರು ಅದನ್ನು ಕಣ್ಣಿನಿಂದಲೇ ಅಂದಾಜು ಮಾಡಬೇಕು. ಅಮೆರಿಕದಲ್ಲಿ 2024 ರಲ್ಲಿ ಒಪ್ಪಿಗೆ ಪಡೆದ ಹೊಸ ಡಾ ವಿಂಚಿಯಲ್ಲಿ ಒತ್ತಡ ಕೈಗೆ ತಿಳಿಯುವ ವ್ಯವಸ್ಥೆ ಬಂದಿದೆ. ಹಳೆಯ ಯಂತ್ರಗಳಲ್ಲಿ ಇಲ್ಲ.

ಕರೆಂಟ್ ಹೋದರೆ ಏನು ಗತಿ ಎಂದು ಮಲೆನಾಡಿನಲ್ಲಿ ಯಾರಾದರೂ ಕೇಳುತ್ತಾರೆ. ಜುಲೈ ತಿಂಗಳ ಗಾಳಿಗೆ ಲೈನ್ ಮೇಲೆ ಮರ ಬೀಳುವ ಊರಲ್ಲಿ ಇದು ಸರಿಯಾದ ಪ್ರಶ್ನೆ. ಆಸ್ಪತ್ರೆಯ ಯುಪಿಎಸ್, ಜನರೇಟರ್ ಇರುತ್ತವೆ. ಯಂತ್ರಕ್ಕೂ ಸ್ವಂತ ಬ್ಯಾಟರಿ ಇರುತ್ತದೆ. ತೋಳುಗಳು ಇದ್ದ ಜಾಗದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಆಮೇಲೂ ಸರಿಹೋಗದಿದ್ದರೆ ಪಕ್ಕದಲ್ಲಿರುವ ತಂಡ ಉಪಕರಣ ಹೊರತೆಗೆದು ಕೈಯಿಂದ ಆಪರೇಷನ್ ಮುಂದುವರಿಸಬೇಕು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಾಭ ಎಲ್ಲಿ ಖಚಿತ, ಎಲ್ಲಿ ಇಲ್ಲ

ರೋಬೋಟ್ ಪರವಾಗಿರುವ ವೈದ್ಯರು ಹೇಳುವುದು ಹೀಗೆ: ಗಾಯ ಚಿಕ್ಕದು, ರಕ್ತ ಕಡಿಮೆ ಹೋಗುತ್ತದೆ, ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಇನ್ನೊಂದು ಗುಂಪಿನವರು ಕೇಳುವ ಪ್ರಶ್ನೆ: ಯಾವುದಕ್ಕೆ ಹೋಲಿಸಿ? ಹೊಟ್ಟೆ ಪೂರ್ತಿ ತೆರೆಯುವ ಆಪರೇಷನ್‌ಗೆ ಹೋಲಿಸಿದರೆ ಈ ಲಾಭಗಳು ನಿಜ. ಆದರೆ ಲ್ಯಾಪ್ರೋಸ್ಕೋಪಿಯಲ್ಲೂ ಗಾಯ ಚಿಕ್ಕದೇ ಅಲ್ವಾ? ಅದಕ್ಕೆ ಹೋಲಿಸಿದಾಗ ರೋಬೋಟ್ ಜಾಸ್ತಿ ಏನು ಕೊಟ್ಟಿತು?

ಇಲ್ಲಿ ಜಾಹೀರಾತಿನ ಮಾತು ಬಿಟ್ಟು, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನಗಳನ್ನು ನೋಡಬೇಕು.

ಪ್ರಾಸ್ಟೇಟ್ ಕ್ಯಾನ್ಸರ್ ತೆಗೆದುಕೊಳ್ಳೋಣ. ಈ ಗ್ರಂಥಿ ಇರುವುದು ಸೊಂಟದ ಮೂಳೆಗಳ ಆಳದ ಇಕ್ಕಟ್ಟಿನಲ್ಲಿ. ಮಣಿಕಟ್ಟಿರುವ ಕಡ್ಡಿ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದು 2016 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಬೋಟ್ ಗುಂಪಿನವರು ಕಳೆದುಕೊಂಡ ರಕ್ತ ತೆರೆದ ಆಪರೇಷನ್ ಗುಂಪಿನ ಸುಮಾರು ಮೂರನೇ ಒಂದು ಭಾಗ. ಆಸ್ಪತ್ರೆಯಲ್ಲಿದ್ದ ದಿನಗಳೂ ಅರ್ಧದಷ್ಟು. ಆದರೆ ರೋಗಿಗಳಿಗೆ ನಿಜವಾಗಿ ಕಾಡುವ ಎರಡು ವಿಷಯ, ಅಂದರೆ ಮೂತ್ರದ ಮೇಲಿನ ಹಿಡಿತ ಮತ್ತು ಲೈಂಗಿಕ ಶಕ್ತಿ, ಎರಡೂ ಗುಂಪಿನಲ್ಲಿ ಸರಿಸುಮಾರು ಒಂದೇ ಆಗಿದ್ದವು. ತೆರೆದ ಆಪರೇಷನ್ ಮಾಡಿದ ವೈದ್ಯರು ಅದರಲ್ಲಿ ವರ್ಷಗಟ್ಟಲೆ ಪಳಗಿದವರು. ಪಳಗಿದ ಕೈ ಯಂತ್ರಕ್ಕೆ ಸಮವಾಗಿ ನಿಂತಿತು.

ಗುದನಾಳದ ಕ್ಯಾನ್ಸರ್‌ನಲ್ಲಿ ರೋಬೋಟನ್ನು ಲ್ಯಾಪ್ರೋಸ್ಕೋಪಿಗೇ ಹೋಲಿಸಿದ ದೊಡ್ಡ ಅಧ್ಯಯನ 2017 ರಲ್ಲಿ ಬಂತು. 471 ರೋಗಿಗಳು. ಮಧ್ಯದಲ್ಲಿ ಕಷ್ಟವಾಗಿ ಹೊಟ್ಟೆ ತೆರೆಯಬೇಕಾಗಿ ಬಂದದ್ದು ಲ್ಯಾಪ್ರೋಸ್ಕೋಪಿಯಲ್ಲಿ ಶೇ 12.2, ರೋಬೋಟ್‌ನಲ್ಲಿ ಶೇ 8.1. ಕಡಿಮೆ ಎಂದು ಕಂಡರೂ, ಇದು ಯಂತ್ರದಿಂದಲೇ ಆಯಿತೋ ಆಕಸ್ಮಿಕವೋ ಎಂದು ಹೇಳುವಷ್ಟು ದೊಡ್ಡ ವ್ಯತ್ಯಾಸ ಅದಲ್ಲ ಎಂದು ಸಂಶೋಧಕರೇ ಬರೆದರು.

ಮೂರನೆಯದನ್ನು ಹೆಣ್ಣುಮಕ್ಕಳಿರುವ ಪ್ರತಿ ಮನೆಯೂ ತಿಳಿದಿರಬೇಕು. ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ ಗರ್ಭಕೋಶವನ್ನೂ ಸುತ್ತಲಿನ ಭಾಗವನ್ನೂ ತೆಗೆಯುವ ದೊಡ್ಡ ಆಪರೇಷನ್ ಇದೆ. ಅದನ್ನು ಸಣ್ಣ ತೂತಿನ ವಿಧಾನದಲ್ಲಿ ಮಾಡಿದರೆ ಒಳ್ಳೆಯದೇ ಇರಬೇಕು ಎಂದು ಎಲ್ಲರೂ ನಂಬಿದ್ದರು. 631 ಮಹಿಳೆಯರ ಅಧ್ಯಯನ 2018 ರಲ್ಲಿ ಪ್ರಕಟವಾದಾಗ ಆ ನಂಬಿಕೆ ಬುಡಮೇಲಾಯಿತು. ನಾಲ್ಕೂವರೆ ವರ್ಷದ ನಂತರ ಕ್ಯಾನ್ಸರ್ ಮರುಕಳಿಸದೆ ಉಳಿದವರು ತೆರೆದ ಆಪರೇಷನ್‌ನಲ್ಲಿ ಶೇ 96.5. ಸಣ್ಣ ತೂತಿನ ವಿಧಾನದಲ್ಲಿ ಶೇ 86. ಈ ಎರಡನೇ ಗುಂಪಿನಲ್ಲಿ ಹೆಚ್ಚಿನವು ಲ್ಯಾಪ್ರೋಸ್ಕೋಪಿ, ಸ್ವಲ್ಪ ರೋಬೋಟ್. ಗರ್ಭಕೋಶವನ್ನು ಅತ್ತಿತ್ತ ಸರಿಸಲು ಬಳಸುವ ಸಲಕರಣೆಯಿಂದ, ಅಥವಾ ಹೊಟ್ಟೆಗೆ ತುಂಬುವ ಗಾಳಿಯಿಂದ ಕ್ಯಾನ್ಸರ್ ಕಣಗಳು ಹರಡಿರಬಹುದೇ ಎಂಬ ಅನುಮಾನ ಇದೆ. ಮರುವರ್ಷ, 2019 ರ ಫೆಬ್ರುವರಿಯಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗಳಿಗೆ ರೋಬೋಟ್ ಬಳಸುವ ಬಗ್ಗೆ ಎಚ್ಚರಿಕೆ ಹೊರಡಿಸಿತು. ಗಮನಿಸಿ, ಇದು ಫೈಬ್ರಾಯ್ಡ್ ಗಡ್ಡೆಯಂಥ ಮಾಮೂಲಿ ಕಾರಣಕ್ಕೆ ಗರ್ಭಕೋಶ ತೆಗೆಯುವವರ ಮಾತಲ್ಲ. ಆದರೆ ಚಿಕ್ಕ ಗಾಯ ಅಂದರೆ ಯಾವಾಗಲೂ ಒಳ್ಳೆಯದು ಅನ್ನುವ ಲೆಕ್ಕ ತಪ್ಪಾಗಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಇನ್ನು ವೈದ್ಯರ ಕೈ ಪಳಗುವ ವಿಷಯ. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ 2015 ರಲ್ಲಿ ಹೃದಯದ ಕವಾಟವನ್ನು ರೋಬೋಟ್‌ನಿಂದ ಸರಿಪಡಿಸಲು ಹೊರಟ ಆಪರೇಷನ್ ಕೆಟ್ಟು ರೋಗಿ ತೀರಿಕೊಂಡರು. ಆ ದೇಶದಲ್ಲಿ ಆ ಬಗೆಯ ಮೊದಲ ಆಪರೇಷನ್ ಅದು. ವೈದ್ಯರಿಗೆ ಆ ಯಂತ್ರದ ಮೇಲೆ ಸಾಕಷ್ಟು ತರಬೇತಿ ಆಗಿರಲಿಲ್ಲ, ಪಕ್ಕದಲ್ಲಿದ್ದು ಹೇಳಿಕೊಡಬೇಕಾದ ತಜ್ಞರು ನಡುವೆಯೇ ಹೊರಟುಹೋಗಿದ್ದರು ಎಂಬುದು 2018 ರ ವಿಚಾರಣೆಯಲ್ಲಿ ಹೊರಬಂತು. ಯಂತ್ರ ಕೆಟ್ಟಿರಲಿಲ್ಲ. ಕೈಗೆ ಯಂತ್ರ ಹೊಸದಾಗಿತ್ತು.

ಹಾಗಾಗಿ ‘ನಿಮ್ಮಲ್ಲಿ ರೋಬೋಟ್ ಇದೆಯಾ’ ಎಂದು ಕೇಳುವುದರಿಂದ ರೋಗಿಗೆ ಹೆಚ್ಚೇನೂ ತಿಳಿಯುವುದಿಲ್ಲ. ‘ಡಾಕ್ಟ್ರೇ, ಇದೇ ಆಪರೇಷನ್ನನ್ನು ಇದೇ ಯಂತ್ರದಲ್ಲಿ ನೀವು ಎಷ್ಟು ಮಾಡಿದ್ದೀರಿ, ರೋಬೋಟ್ ಇಲ್ಲದೆ ಮಾಡಿದರೆ ನನಗೆ ಏನು ನಷ್ಟ’ ಎಂದು ಕೇಳಬೇಕು. ಇದು ಅಗೌರವದ ಪ್ರಶ್ನೆ ಅಲ್ಲ. ಒಳ್ಳೆಯ ವೈದ್ಯರು ಇದಕ್ಕೆ ಸಂಖ್ಯೆಯಲ್ಲೇ ಉತ್ತರ ಕೊಡುತ್ತಾರೆ.

ಮಲೆನಾಡಿನ ಮಂಡಿ

ಮೂಳೆಯ ರೋಬೋಟ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಅತಿ ಹೆಚ್ಚು ಜನ ಎದುರಿಸುವ ಪ್ರಶ್ನೆ ಇದೇ. ದಿನಕ್ಕೆ ಹತ್ತು ಸಲ ಧರೆ ಹತ್ತಿ ಇಳಿಯುವ ಮನೆ, ತೋಟಕ್ಕೆ ಕೊರೆದ ಮೆಟ್ಟಿಲು, ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿತ. ಅರವತ್ತು ದಾಟುವ ಹೊತ್ತಿಗೆ ಸವೆದ ಮಂಡಿಗೆ ಇವೆಲ್ಲ ಹೊರೆಯೇ.

ಮಂಡಿ ಆಪರೇಷನ್‌ನಲ್ಲಿ ಯಂತ್ರ ಮಾಡುವ ಕೆಲಸ ಹೀಗಿದೆ. ಕೆಲವು ಯಂತ್ರಗಳಿಗೆ ಮೊದಲೇ ಸಿ.ಟಿ. ಸ್ಕ್ಯಾನ್ ಬೇಕು. ಆಪರೇಷನ್ ದಿನ ತೊಡೆಯ ಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ಸಣ್ಣ ಪಿನ್ನುಗಳನ್ನು ಹಾಕಿ, ಅವಕ್ಕೆ ಗುರುತಿನ ಗುಂಡುಗಳನ್ನು ಸಿಕ್ಕಿಸುತ್ತಾರೆ. ಕ್ಯಾಮೆರಾ ಆ ಗುಂಡುಗಳನ್ನು ನೋಡಿ ಮೂಳೆ ಈಗ ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಗರಗಸ ಗೆರೆ ದಾಟಲು ಹೋದರೆ ಯಂತ್ರ ತಡೆಯುತ್ತದೆ. ಇದರಿಂದ ಕೊಯ್ತ ಹೆಚ್ಚು ಕರಾರುವಾಕ್ಕಾಗುತ್ತದೆ. ಇದರಲ್ಲಿ ತಕರಾರಿಲ್ಲ. ಪಿನ್ ಹಾಕಿದ ಜಾಗದಲ್ಲಿ ಅಪರೂಪಕ್ಕೆ ಮೂಳೆ ಮುರಿಯುವುದುಂಟು.

ಕರಾರುವಾಕ್ಕಾದ ಕೊಯ್ತದಿಂದ ಹತ್ತು ವರ್ಷದ ನಂತರ ನಡಿಗೆ ಚೆನ್ನಾಗಿರುತ್ತದೆಯಾ ಎಂಬುದೇ ತಕರಾರು. ಕೊರಿಯಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹತ್ತು ವರ್ಷಕ್ಕಿಂತ ಜಾಸ್ತಿ ಹಿಂಬಾಲಿಸಿದ ಅಧ್ಯಯನ 2020 ರಲ್ಲಿ ಬಂತು. ನೋವು, ಓಡಾಟ, ಕೀಲಿನ ಬಾಳಿಕೆ ಯಾವುದರಲ್ಲೂ ರೋಬೋಟ್‌ಗೂ ಮಾಮೂಲಿಗೂ ವ್ಯತ್ಯಾಸ ಸಿಗಲಿಲ್ಲ. ಅಲ್ಲಿ ಬಳಸಿದ್ದು ಹಳೆಯ ತಲೆಮಾರಿನ ಯಂತ್ರ. ಹೊಸ ಯಂತ್ರಗಳು ಇದಕ್ಕಿಂತ ಒಳ್ಳೆಯ ಫಲ ಕೊಡಬಹುದು ಎಂದು ತಯಾರಕರು ವಾದಿಸುತ್ತಾರೆ. ಹತ್ತು ವರ್ಷದ ಲೆಕ್ಕ ಬರಲು ಹತ್ತು ವರ್ಷ ಬೇಕು.

ಬಿಲ್ಲಿನ ವಿಷಯದಲ್ಲಿ ಒಂದು ಸಂಗತಿ ಗೊತ್ತಿರಲಿ. 2017 ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿ ಕೀಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಆ ಮಿತಿ ಕೀಲಿಗೆ ಮಾತ್ರ. ಯಂತ್ರ ಬಳಸಿದ್ದಕ್ಕೆ ತೆಗೆದುಕೊಳ್ಳುವ ಶುಲ್ಕಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಕೀಲಿಗೆ ಎಷ್ಟು, ರೋಬೋಟ್‌ಗೆ ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳುವುದು ಒಳ್ಳೆಯದು. ನನ್ನ ಮಟ್ಟಿಗೆ, ಸಾಲ ಮಾಡಿ ರೋಬೋಟ್ ಮಂಡಿ ಹಾಕಿಸಿಕೊಳ್ಳುವಷ್ಟು ಸಾಕ್ಷಿ ಇವತ್ತಿಗೆ ಇಲ್ಲ. ಆ ದುಡ್ಡಿನಲ್ಲಿ ಆಪರೇಷನ್ ಆದ ಮೇಲಿನ ಫಿಸಿಯೋಥೆರಪಿಯನ್ನು ಅರ್ಧಕ್ಕೆ ಬಿಡದೆ ಮುಗಿಸಿದರೆ ನಡಿಗೆಗೆ ಹೆಚ್ಚು ಉಪಯೋಗ.

ಎಣಿಸುವ ಕತ್ತರಿ

ರೋಬೋಟ್ ಯಾಕೆ ದುಬಾರಿ? ಯಂತ್ರದ ಬೆಲೆ ಒಂದು ಕಾರಣ. ಹೊಸ ಡಾ ವಿಂಚಿ ಸುಮಾರು 20 ಲಕ್ಷ ಡಾಲರ್ ಮಟ್ಟದ್ದು, ಅಂದರೆ 15 ಕೋಟಿ ರೂಪಾಯಿಗೂ ಮೇಲೆ. ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು. ಆ ಕಡ್ಡಿಯ ತುದಿಯ ಕತ್ತರಿ, ಚಿಮುಟಗಳ ಒಳಗೆ ಒಂದು ಚಿಪ್ ಇದೆ. ಎಷ್ಟು ಆಪರೇಷನ್‌ಗೆ ಬಳಸಿದರು ಎಂದು ಅದು ಎಣಿಸುತ್ತಾ ಹೋಗುತ್ತದೆ. ಬಹುಕಾಲ ಬಹುತೇಕ ಉಪಕರಣಗಳಿಗೆ ಮಿತಿ ಹತ್ತು ಬಳಕೆ ಇತ್ತು. ಆಮೇಲೆ ಕೆಲವಕ್ಕೆ ಅದನ್ನು 12 ರಿಂದ 18 ರವರೆಗೆ ಏರಿಸಿದರು. ಮಿತಿ ಮುಗಿದ ಮೇಲೆ ಕತ್ತರಿ ಹರಿತವಾಗಿಯೇ ಇದ್ದರೂ ಯಂತ್ರ ಅದನ್ನು ಒಪ್ಪುವುದಿಲ್ಲ. ಸವೆದ ಉಪಕರಣ ಹೊಟ್ಟೆಯೊಳಗೆ ಕೈಕೊಡಬಾರದು ಎಂಬ ಸುರಕ್ಷತೆಯ ಕಾರಣ ಇದಕ್ಕಿದೆ. ಖರ್ಚು ಮಾತ್ರ ಪ್ರತಿ ಆಪರೇಷನ್‌ಗೂ ಬರುತ್ತಲೇ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಇದು ಅಂದಾಜಿನ ಲೆಕ್ಕ, ಯಾವ ಆಸ್ಪತ್ರೆಯದ್ದೂ ಅಲ್ಲ. ಯಂತ್ರಕ್ಕೆ 15 ಕೋಟಿ, ಹತ್ತು ವರ್ಷ ಬಾಳಿಕೆ. ವರ್ಷಕ್ಕೆ ಒಂದೂವರೆ ಕೋಟಿ ಆಯಿತು. ನಿರ್ವಹಣೆಗೆ ವರ್ಷಕ್ಕೆ ಒಂದು ಕೋಟಿ ಎಂದುಕೊಳ್ಳಿ. ಒಟ್ಟು ಎರಡೂವರೆ ಕೋಟಿ. ವರ್ಷಕ್ಕೆ 500 ಆಪರೇಷನ್ ಆದರೆ ಒಬ್ಬ ರೋಗಿಯ ಮೇಲೆ ಬೀಳುವುದು 50 ಸಾವಿರ. 100 ಮಾತ್ರ ಆದರೆ ಎರಡೂವರೆ ಲಕ್ಷ. ಕತ್ತರಿ, ಔಷಧಿ, ಕೋಣೆ ಬಾಡಿಗೆ ಇನ್ನೂ ಲೆಕ್ಕಕ್ಕೆ ಸೇರಿಲ್ಲ.

ಈ ಒಂದು ಲೆಕ್ಕದಿಂದ ಬಹಳಷ್ಟು ಅರ್ಥವಾಗುತ್ತದೆ. ರೋಗಿಗಳು ಕಡಿಮೆ ಇರುವ ಊರಿಗೆ ಯಂತ್ರ ಬಂದರೆ ತಲೆಗೆ ಬೀಳುವ ಖರ್ಚು ಏರುತ್ತದೆ. ಖರ್ಚು ಏರಿದರೆ ಯಂತ್ರವನ್ನು ಖಾಲಿ ಬಿಡಲಾಗದು. ಆಗ ಪಿತ್ತಕೋಶ, ಹರ್ನಿಯಾದಂಥ, ಲ್ಯಾಪ್ರೋಸ್ಕೋಪಿಯಲ್ಲೇ ಚೆನ್ನಾಗಿ ಆಗುವ ಆಪರೇಷನ್‌ಗಳಿಗೂ ರೋಬೋಟ್ ಬಳಸುವ ಒತ್ತಡ ಬರುತ್ತದೆ. ಆಪರೇಷನ್ ಸಂಖ್ಯೆ ಕಡಿಮೆ ಇದ್ದರೆ ವೈದ್ಯರ ಕೈ ಪಳಗುವುದೂ ನಿಧಾನ. ಹಾಗಾಗಿಯೇ ಈ ಯಂತ್ರಗಳು ದೊಡ್ಡ ನಗರಗಳಲ್ಲೇ ಗುಂಪುಗೂಡುತ್ತವೆ. ದೇಶದಲ್ಲೇ ತಯಾರಾಗುವ ಯಂತ್ರಗಳಿಂದ ಬೆಲೆ ಇಳಿದರೆ ಈ ಲೆಕ್ಕ ಬದಲಾಗಬಹುದು. ಜಿಲ್ಲಾ ಕೇಂದ್ರಗಳಿಗೆ ನಿಜವಾದ ಆಶಾಕಿರಣ ಇರುವುದು ಅಲ್ಲಿ.

ವಿಮೆಯ ಮಾತು ಚಿಕ್ಕದಾಗಿ ಹೇಳುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರ 2019 ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡಬಾರದು ಎಂದು ಹೇಳಿತು. ರೋಬೋಟಿಕ್ ಆಪರೇಷನ್ ಅದರಲ್ಲಿ ಒಂದು. ಆದರೆ ಅದಕ್ಕೆ ಒಳಮಿತಿ ಹಾಕಲು ಕಂಪನಿಗಳಿಗೆ ಅವಕಾಶವಿದೆ. ಐದು ಲಕ್ಷದ ಪಾಲಿಸಿ ಇದ್ದರೂ ರೋಬೋಟ್‌ಗೆ ಅದರ ಒಂದು ಭಾಗವೇ ಸಿಗಬಹುದು. ಪಾಲಿಸಿಯ ಆ ಪುಟ ಓದದೆ ಆಸ್ಪತ್ರೆಗೆ ಸೇರಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಅಲ್ಲಿ ಒಂದೊಂದು ಚಿಕಿತ್ಸೆಗೂ ಪ್ಯಾಕೇಜ್ ದರ ಮೊದಲೇ ನಿಗದಿ. ರೋಬೋಟ್ ಖರ್ಚು ಅದರೊಳಗೆ ಬರುತ್ತದೆಯೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಬೇಕು.

ದೂರದಿಂದ ಆಪರೇಷನ್: ಆಗುತ್ತದೆ, ಆದರೆ

ಈಗ ಬಸ್ಸಿನ ಪ್ರಶ್ನೆಗೆ ಬರೋಣ. ದೂರದ ಆಪರೇಷನ್ ಹೊಸದೇನಲ್ಲ. 2001 ರ ಸೆಪ್ಟೆಂಬರ್ 7 ರಂದು ನ್ಯೂಯಾರ್ಕ್‌ನಲ್ಲಿ ಕೂತ ಫ್ರೆಂಚ್ ವೈದ್ಯ ಜಾಕ್ ಮರೆಸ್ಕೊ, ಸಮುದ್ರದಾಚೆ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಮಹಿಳೆಯ ಪಿತ್ತಕೋಶ ತೆಗೆದರು. ಎರಡು ವರ್ಷದ ನಂತರ ಕೆನಡಾದಲ್ಲಿ ನಡೆದದ್ದು ನಮಗೆ ಇನ್ನೂ ಹತ್ತಿರದ ಉದಾಹರಣೆ. ಹ್ಯಾಮಿಲ್ಟನ್ ನಗರದ ವೈದ್ಯರು ಸುಮಾರು 400 ಕಿ.ಮೀ. ದೂರದ ನಾರ್ತ್ ಬೇ ಎಂಬ ಚಿಕ್ಕ ಊರಿನ ಆಸ್ಪತ್ರೆಯ ರೋಗಿಗಳಿಗೆ ಇಪ್ಪತ್ತಕ್ಕೂ ಹೆಚ್ಚು ಆಪರೇಷನ್ ಮಾಡಿದರು. ತಂತ್ರಜ್ಞಾನ ಅಂದೇ ಸಾಧ್ಯವಾಗಿತ್ತು. ಆದರೂ ಇಪ್ಪತ್ತು ವರ್ಷದಲ್ಲಿ ಅದು ಎಲ್ಲ ಕಡೆ ಹರಡಲಿಲ್ಲ. ಯಾಕೆ?

ನೆಟ್‌ವರ್ಕ್ ಒಂದು ಕಾರಣ. ವೈದ್ಯರು ಕೈ ಸರಿಸಿದ್ದಕ್ಕೂ ಪರದೆಯ ಮೇಲೆ ಕತ್ತರಿ ಸರಿದದ್ದು ಕಾಣುವುದಕ್ಕೂ ಮಧ್ಯೆ ತಡ ಆಗುತ್ತದೆ. ಸೆಕೆಂಡಿನ ಐದನೇ ಒಂದು ಭಾಗ ದಾಟಿದರೆ ಕೆಲಸ ಕಷ್ಟವಾಗುತ್ತಾ ಹೋಗುತ್ತದೆ. ಜೈಪುರದ ಆಪರೇಷನ್‌ನಲ್ಲಿ ಈ ತಡ ಸುಮಾರು 40 ಮಿಲಿಸೆಕೆಂಡ್, ಅಂದರೆ ಗಮನಕ್ಕೇ ಬಾರದಷ್ಟು. ಅದಕ್ಕೆ ತುಂಡಾಗದ, ಭರವಸೆಯ ಲೈನ್ ಬೇಕು. ಮಳೆಗಾಲದಲ್ಲಿ ಮೊಬೈಲ್ ಟವರ್ ಕೈಕೊಟ್ಟು ದಿನಗಟ್ಟಲೆ ಫೋನ್ ಸಿಗದ ಹಳ್ಳಿಗಳ ಮಾತು ಬಿಡಿ, ತಾಲ್ಲೂಕು ಕೇಂದ್ರಕ್ಕೂ ಅಂಥ ಲೈನನ್ನು ಎರಡು ದಾರಿಯಲ್ಲಿ ಎಳೆದು ಇಟ್ಟುಕೊಳ್ಳಬೇಕು. ದುಡ್ಡು ಹಾಕಿದರೆ ಇದು ಬಗೆಹರಿಯುತ್ತದೆ.

ದುಡ್ಡಿನಿಂದ ಬೇಗ ಬಗೆಹರಿಯದ ಕಾರಣ ಬೇರೆ ಇದೆ. ಹಿಂದೆ ನೆನಪಿಟ್ಟುಕೊಳ್ಳಿ ಎಂದಿದ್ದು ಇದಕ್ಕೇ. ಲೈನ್ ತುಂಡಾದರೆ, ರಕ್ತನಾಳ ಒಡೆದರೆ, ಪಕ್ಕದಲ್ಲಿರುವವರು ಆ ನಿಮಿಷವೇ ಹೊಟ್ಟೆ ತೆರೆಯಬೇಕು. ಅಂದರೆ ರೋಗಿಯ ಪಕ್ಕದಲ್ಲಿ ಆ ಆಪರೇಷನ್ ಕೈಯಿಂದ ಮಾಡಬಲ್ಲ ಸರ್ಜನ್ ಇರಲೇಬೇಕು. ಅರಿವಳಿಕೆ ತಜ್ಞರು ಬೇಕು. ರಕ್ತ ಬೇಕು. ಐಸಿಯು ಬೇಕು. ನಾರ್ತ್ ಬೇಯಲ್ಲೂ ಸ್ಥಳೀಯ ಸರ್ಜನ್ ಟೇಬಲ್ ಪಕ್ಕದಲ್ಲೇ ಇದ್ದರು. ದೂರದ ತಜ್ಞರು ಅವರಿಗೆ ಹೊಸ ವಿದ್ಯೆ ಕಲಿಸಿದಂತೆಯೂ ಆಯಿತು.

ನಮ್ಮಲ್ಲಿ ಕೊರತೆ ಇರುವುದೇ ಈ ಜನರದ್ದು. ಕೇಂದ್ರ ಆರೋಗ್ಯ ಇಲಾಖೆಯ 2021–22 ರ ಗ್ರಾಮೀಣ ಆರೋಗ್ಯ ವರದಿಯ ಪ್ರಕಾರ ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ತಜ್ಞ ವೈದ್ಯರ ಕೊರತೆ ಸುಮಾರು ಶೇ 80. ಸರ್ಜನ್ ಇಲ್ಲದ ಊರಿಗೆ ರೋಬೋಟ್ ಸರ್ಜನ್ನನ್ನು ತರುವುದಿಲ್ಲ. ಸರ್ಜನ್ ಇರುವ ಊರಿಗೆ ಇನ್ನೊಬ್ಬ ಹೆಚ್ಚಿನ ತಜ್ಞರನ್ನು ತರಬಲ್ಲದು. ಈ ಲೆಕ್ಕದಲ್ಲಿ ನಮ್ಮ ಕಡೆಗೆ ಹೊಂದುವ ಜಾಗ ವೈದ್ಯಕೀಯ ಕಾಲೇಜು ಇರುವ ಶಿವಮೊಗ್ಗ. ಮುಂದೊಂದು ದಿನ ಬೆಂಗಳೂರಿನ ಕ್ಯಾನ್ಸರ್ ತಜ್ಞರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಟೇಬಲ್ ಮೇಲೆ, ಅಲ್ಲಿನ ಸರ್ಜನ್ನರ ಜೊತೆಗೂಡಿ ಕೆಲಸ ಮಾಡುವುದು ಅಸಾಧ್ಯದ ಕನಸಲ್ಲ. ಆಗಲೂ ಹಿನ್ನೀರಿನಾಚೆಯ ತುಮರಿಯವರು ಶಿವಮೊಗ್ಗಕ್ಕೆ ಬರಬೇಕು. 2025 ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿದೆ. ಆ ಭಾಗದ ರೋಗಿಗಳಿಗೆ ಸದ್ಯಕ್ಕೆ ಯಾವ ರೋಬೋಟ್‌ಗಿಂತಲೂ ದೊಡ್ಡ ಸಹಾಯ ಅದು.

ಗುಡ್ಡದ ಮೇಲೆ ಬೇಕಾದ ತೋಳು

ಅಡಿಕೆ ಜಗಿಯುವ ನಾಡಿನಲ್ಲಿ ಬಾಯಿ ಕ್ಯಾನ್ಸರ್ ಬಗ್ಗೆ ಮಾತಾಡುವುದು ಕಷ್ಟ. ಅಡಿಕೆ ನಮ್ಮ ಅನ್ನ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004 ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿದೆ. ನಾಲಗೆಯ ಬುಡ, ಟಾನ್ಸಿಲ್ ಜಾಗದ ಗಡ್ಡೆಗಳಿಗೆ ರೋಬೋಟ್ ಉಪಯೋಗಕ್ಕೆ ಬರುತ್ತದೆ. ಆದರೆ ಕೆನ್ನೆಯೊಳಗಿನ ಬಿಳಿ ಮಚ್ಚೆಯನ್ನು ಹತ್ತಿರದ ಆಸ್ಪತ್ರೆಯಲ್ಲಿ ಯಾರಾದರೂ ಟಾರ್ಚ್ ಹಾಕಿ ನೋಡಿ ಮೊದಲೇ ಹಿಡಿದರೆ ಅಷ್ಟು ದೂರ ಹೋಗುವುದೇ ಬೇಡ. ಮಲೆನಾಡಿನ ರೋಗಿಗಳು ಹೆಚ್ಚು ಕಳೆದುಕೊಳ್ಳುವುದು ರೋಗ ಗೊತ್ತಾಗುವ ಮೊದಲಿನ ತಿಂಗಳುಗಳನ್ನು.

ಹಾಗಾಗಿ ರೋಬೋಟ್ ಬೇಕು ಎಂದು ಕೇಳುವುದಾದರೆ ನಾವು ಕೇಳಬೇಕಾದದ್ದು ಬೇರೆ ಬಗೆಯದ್ದು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಲಾ ಲೋಶ್ ಎಂಬ ದೂರದ ಹಳ್ಳಿ ಇದೆ. 2020 ರಲ್ಲಿ ಕೋವಿಡ್ ಹರಡಿ ಅಲ್ಲಿನ ಗರ್ಭಿಣಿಯರು ಸ್ಕ್ಯಾನಿಂಗ್‌ಗೆ ಹೊರಗೆ ಹೋಗಲು ಆಗದಾಗ ಒಂದು ಸ್ಕ್ಯಾನಿಂಗ್ ರೋಬೋಟ್ ಬಳಸಿದರು. ಹಳ್ಳಿಯ ಆಸ್ಪತ್ರೆಯಲ್ಲಿ ಒಬ್ಬ ಸಹಾಯಕರು ಚೌಕಟ್ಟನ್ನು ಹೊಟ್ಟೆಯ ಮೇಲೆ ಹಿಡಿದುಕೊಳ್ಳುತ್ತಾರೆ. ಅದರೊಳಗಿನ ಸಣ್ಣ ತೋಳು ಸ್ಕ್ಯಾನಿಂಗ್ ಬಿಲ್ಲೆಯನ್ನು ಓಡಾಡಿಸುತ್ತದೆ. ಸುಮಾರು 600 ಕಿ.ಮೀ. ದೂರದ ನಗರದಲ್ಲಿ ಕೂತ ತಜ್ಞರು ಅಂಥದ್ದೇ ಬಿಲ್ಲೆಯೊಂದನ್ನು ಕೈಯಲ್ಲಿ ತಿರುಗಿಸಿದಂತೆ ಇಲ್ಲಿನ ತೋಳು ತಿರುಗುತ್ತದೆ. ಇಲ್ಲಿ ಲೈನ್ ತುಂಡಾದರೆ ಯಾರ ಜೀವವೂ ಹೋಗುವುದಿಲ್ಲ. ಲೈನ್ ಬಂದ ಮೇಲೆ ಮತ್ತೆ ಶುರು ಮಾಡಬಹುದು. ಸರ್ಜನ್ ಬೇಡ, ಅರಿವಳಿಕೆ ಬೇಡ, ಐಸಿಯು ಬೇಡ.

ಹೊಸನಗರ ತಾಲ್ಲೂಕಿನ ನಿಟ್ಟೂರಿನಲ್ಲೋ ಆಗುಂಬೆಯಲ್ಲೋ ಇಂಥ ಒಂದು ತೋಳು ಇದ್ದರೆ, ಮಳೆಗಾಲದಲ್ಲಿ ಏಳು ತಿಂಗಳ ಗರ್ಭಿಣಿ ಘಾಟಿ ಇಳಿದು ಮಣಿಪಾಲಕ್ಕೋ, ಬಸ್ ಹತ್ತಿ ಶಿವಮೊಗ್ಗಕ್ಕೋ ಹೋಗುವ ದಿನಗಳಲ್ಲಿ ಕೆಲವಾದರೂ ಕಡಿಮೆಯಾಗುತ್ತವೆ. ದೊಡ್ಡ ಅಡ್ಡಿ ಒಂದಿದೆ, ಮತ್ತು ಅದು ಅಗತ್ಯವಾದ ಅಡ್ಡಿ. ಹೆಣ್ಣು ಭ್ರೂಣ ಹತ್ಯೆ ತಡೆಯಲು 1994 ರಲ್ಲಿ ಬಂದ ಕಾನೂನಿನ ಪ್ರಕಾರ ಸ್ಕ್ಯಾನಿಂಗ್ ಯಂತ್ರಕ್ಕೂ ಅದಿರುವ ಜಾಗಕ್ಕೂ ನೋಂದಣಿ ಬೇಕು. ಅರ್ಹತೆ ಇರುವವರೇ ಮಾಡಬೇಕು. ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ಫಾರಂ ತುಂಬಿ ಸಹಿ ಹಾಕಬೇಕು. ತಜ್ಞರು ಶಿವಮೊಗ್ಗದಲ್ಲಿ, ಯಂತ್ರ ನಿಟ್ಟೂರಿನಲ್ಲಿ, ಹಿಡಿದುಕೊಂಡವರು ನರ್ಸ್ ಆದರೆ ಆ ಫಾರಂಗೆ ಯಾರ ಸಹಿ? ತಪ್ಪಾದರೆ ಯಾರ ಹೊಣೆ? ಕಾನೂನಿನ ಬಿಗಿ ಸಡಿಲ ಮಾಡದೆ ಇದಕ್ಕೆ ಉತ್ತರ ಬರೆಯಬೇಕು. ಮೊದಲು ಹೊಟ್ಟೆನೋವು, ಮೂತ್ರಪಿಂಡದ ಕಲ್ಲು, ಯಕೃತ್ತಿನಂಥ ಗರ್ಭಕ್ಕೆ ಸಂಬಂಧವಿಲ್ಲದ ಸ್ಕ್ಯಾನಿಂಗ್‌ನಿಂದ, ಒಂದೇ ತಾಲ್ಲೂಕಿನಲ್ಲಿ, ನೋಂದಾಯಿಸಿದ ಒಂದೇ ಯಂತ್ರದಿಂದ ಶುರು ಮಾಡಬಹುದು. ಅದಕ್ಕೂ ಜಿಲ್ಲೆಯ ಪ್ರಾಧಿಕಾರದ ಒಪ್ಪಿಗೆ ಬೇಕು. ಅರ್ಜಿ ಹಾಕುವ ಕೆಲಸ ಹೊಸನಗರದಿಂದಲೇ ಶುರುವಾಗಬಹುದು.